ಕಂದು ಕೋಟು ಒಂದು, ಮೊಣಕೈಗೆ ತೇಪೆ

ಎಲ್ಲಾ ಶುರುವಾಗಿದ್ದು ಹೆಂಡತಿಯ ಒಂದು ಮಾತಿನಿಂದ.

"ಊರವರ ಕೋಟನ್ನೆಲ್ಲ ಎತ್ತಿ ಎತ್ತಿ ಕೊಡ್ತೀರಲ್ಲ, ನಿಮ್ಮದು ಅಂತ ಒಂದು ಗುಂಡಿಯಾದ್ರೂ ಕೊಟ್ಟಿದ್ದೀರಾ?"

ಷೂ ಲೇಸು ಕಟ್ಟುತ್ತಿದ್ದ ಉಗ್ರಾಣಿ ಬಗ್ಗಿದಲ್ಲಿಂದಲೇ ತಲೆ ಎತ್ತಿದ. ಮನೆಯಿಲ್ಲದ ಮಾಜಿ ಸೈನಿಕರಿಗೆ ಚಳಿಗಾಲ ಕಳೆಯುವಷ್ಟು ದಿನ ಆಸರೆ ಕೊಡುವ ಸಮಿತಿಯೊಂದಿತ್ತು. ಅದರ ಸಾಮಾನು ಸರಂಜಾಮಿನ ಉಸ್ತುವಾರಿ ಆರು ವರ್ಷದಿಂದ ಇವನದೇ. ಹಾಗಾಗಿಯೇ ಊರಿಗೆಲ್ಲ ಇವನು ಉಗ್ರಾಣಿ. ಕಂಬಳಿ ಬಂದರೆ ಪುಸ್ತಕದಲ್ಲಿ ಬರೆಯುತ್ತಿದ್ದ. ಕಂಬಳಿಯಲ್ಲಿ ತೂತಿದ್ದರೆ ತೂತನ್ನೂ ಬರೆಯುತ್ತಿದ್ದ. ಆದರೆ ತನ್ನದು ಅಂತ ಒಂದು ಕರವಸ್ತ್ರವನ್ನೂ ಕೊಟ್ಟವನಲ್ಲ.

"ಇವತ್ತೇ ಕೊಡ್ತೀನಿ," ಅಂದ ರೋಷದಿಂದ. ಹತ್ತು ವರ್ಷ ಹಾಕಿ ಸವೆಸಿದ ಕಂದು ಕೋಟನ್ನು ತೊಟ್ಟ, ಹೊಸ ಜಾಕೆಟ್ಟನ್ನು ಚೀಲಕ್ಕೆ ತುರುಕಿದ, ಹೊರಟ.

ಆಸರೆಯೆಂದರೆ ಬೀದಿ ಕೊನೆಯ ಹಳೇ ಧಾನ್ಯದ ಗೋದಾಮು. ಒಳಗೆ ಹದಿನಾಲ್ಕು ಮಂಚ, ಒಂದು ದೊಡ್ಡ ಕಬ್ಬಿಣದ ಒಲೆ. ಈ ವರ್ಷ ಅದರ ಬಾಗಿಲು ತೆರೆಯುವುದು ಅವತ್ತೇ, ಸಂಜೆ ನಾಲ್ಕಕ್ಕೆ. ಉಗ್ರಾಣಿ ಹನ್ನೊಂದಕ್ಕೇ ಒಳಹೊಕ್ಕು ಕೋಟು ಬಿಚ್ಚಿದ, ಮಡಿಸಿದ, ಪುಸ್ತಕ ತೆಗೆದು ಬರೆದ: "ಕಂದು ಕೋಟು ಒಂದು, ಎಡ ಮೊಣಕೈಗೆ ತೇಪೆ." ನಾಲ್ಕು ಜನರ ಕಣ್ಣಿಗೆ ಬೀಳಲಿ ಅಂತ ಅದನ್ನು ರಾಶಿಯ ಮೇಲೇ ಇಟ್ಟ. ದಾನ ಮಾಡಿದರೆ ಎದೆ ಹಗುರಾಗುತ್ತದೆ ಅನ್ನುವುದು ಸುಳ್ಳಲ್ಲವೆನಿಸಿತು. ಆ ಹಗುರದಲ್ಲೇ ಜಾಕೆಟ್ಟು ತೊಟ್ಟು, ಹೊರಗಿನ ಬೋರ್ಡು ನೆಟ್ಟಗಿದೆಯೇ ನೋಡೋಣವೆಂದು ಬಂದು, ಅಭ್ಯಾಸಬಲದಿಂದ ಬಾಗಿಲು ಎಳೆದುಕೊಂಡ.

ಕ್ಲಿಕ್ ಅಂತು. ಎಳೆದರೆ ತಾನಾಗೇ ಬೀಳುವ ಬೀಗ ಅದು.

ಜೇಬು ಮುಟ್ಟಿ ನೋಡಿಕೊಂಡ. ಹೊಸ ಜಾಕೆಟ್ಟಿನ ಜೇಬು ಇನ್ನೂ ಬಾಯಿಯ ಹೊಲಿಗೆ ಬಿಚ್ಚದ ಜೇಬು. ಕೀಲಿ ಕಂದು ಕೋಟಿನಲ್ಲಿತ್ತು. ತೇಪೆಯನ್ನು ಬರೆದವನು ಕೀಲಿಯನ್ನು ಬರೆದಿರಲಿಲ್ಲ.

ಇನ್ನೊಂದು ಕೀಲಿ? ಇತ್ತು. ಹಿಂದಿನ ವರ್ಷ ಯಾವನೋ ಖದೀಮ ಕತ್ತಲಾದ ಮೇಲೆ ಬಂದು, ಸಮಿತಿಯವರ ದನಿಯಲ್ಲಿ ಕೂಗಿ, ಬಾಗಿಲು ತೆಗೆಸಿ, ಎಂಟು ಕಂಬಳಿ ಹೊತ್ತು ಹೋಗಿದ್ದ. ಆಮೇಲೆ ಉಗ್ರಾಣಿ ಕಿಟಕಿಗಳಿಗೆಲ್ಲ ಸರಳು ಹಾಕಿಸಿದ, ಒಂಬತ್ತು ನಿಯಮ ಬರೆದ, ಎರಡನೇ ಕೀಲಿಯನ್ನು ಕಮ್ಮಾರನ ಕುಲುಮೆಗೆ ಹಾಕಿಸಿದ.

ಮಧ್ಯಾಹ್ನದ ಹೊತ್ತಿಗೆ ಸಾಲು ಶುರುವಾಯಿತು. ಹದಿನಾಲ್ಕು ಮುದುಕರು. ಸೇತುವೆ ಕೆಳಗಿನಿಂದ, ಬಸ್ ನಿಲ್ದಾಣದ ಬೆಂಚಿನಿಂದ ಎದ್ದು ಬಂದವರು. ಒಬ್ಬನಿಗೆ ಕುಂಟು, ಒಬ್ಬನಿಗೆ ಕೆಮ್ಮು, ಆದರೂ ಸಾಲು ಗೆರೆ ಎಳೆದಷ್ಟು ನೇರ. ಗಾಳಿ ಕಿವಿ ಕತ್ತರಿಸುವಂತಿತ್ತು. ಎಲ್ಲರಿಗಿಂತ ಮುಂದೆ ನಿಂತವನ ಎಡಗೈಗೆ ಮಾತ್ರ ಗವಸಿತ್ತು, ಬಲಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಉಗ್ರಾಣಿ ಮನಸ್ಸಿನಲ್ಲೇ ಅವನಿಗೆ ಒಂಟಿಗವಸು ಅಂತ ಹೆಸರಿಟ್ಟ.

ಸಮಿತಿಯ ಕಾರ್ಯದರ್ಶಿ, ನಿವೃತ್ತ ಹೆಡ್ಮೇಷ್ಟ್ರು, ಛತ್ರಿ ಊರುತ್ತಾ ಬಂದರು. "ಯಾಕ್ರೀ ಇನ್ನೂ ತೆಗೆದಿಲ್ಲ? ಒಲೆ ಹಚ್ಚಬೇಡವೇ?"

ನಿಜ ಹೇಳಬಹುದಿತ್ತು. ಆದರೆ ಆರು ವರ್ಷದ ಮರ್ಯಾದೆ ಅಡ್ಡ ನಿಂತಿತು. "ನಾಲ್ಕು ಗಂಟೆಗೇ ತೆಗೆಯೋದು ಸಾರ್. ಮೂರನೇ ನಿಯಮ," ಅಂದ.

"ಆರ್ಡರ್ ಅಂದ್ಮೇಲೆ ಆರ್ಡರ್ರೇ ಸಾರ್," ಅಂದ ಒಂಟಿಗವಸು ಒಪ್ಪಿಗೆಯಿಂದ. "ನಾಲ್ಕಕ್ಕೆ ಅಂದ್ರೆ ನಾಲ್ಕಕ್ಕೆ." ಹಿಂದಿನ ಹದಿಮೂರು ತಲೆಗಳೂ ಆಡಿದವು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನಂಬಿಬಿಟ್ಟರಲ್ಲ, ಅದು ಚುಚ್ಚಿತು.

ಅಷ್ಟರಲ್ಲಿ ಎದುರಿನ ಬೇಕರಿ ಅಕ್ಕ ಎರಡೂ ಕೈಯಲ್ಲಿ ಸೂಪಿನ ಹಂಡೆ ಹಿಡಿದು ಏದುಸಿರು ಬಿಡುತ್ತಾ ಬಂದಳು. "ಬಾಗಿಲು ತೆಗಿ. ಇದನ್ನ ಒಲೆ ಮೇಲಿಡ್ಬೇಕು."

"ನಾಲ್ಕು ಗಂಟೆಗೆ..."

"ನಾಲ್ಕು ಗಂಟೆವರೆಗೆ ನಿನ್ನ ತಲೆ ಮೇಲಿಡ್ಲಾ?" ಅವಳು ಅವನ ಮುಖ ದಿಟ್ಟಿಸಿದಳು. "ಕೀಲಿ ಎಲ್ಲಿ?"

"ಕೋಟಿನಲ್ಲಿದೆ."

"ಕೋಟೆಲ್ಲಿ?"

"ಒಳಗೆ."

"ಒಳಗೆ ಹೋಗೋಕೆ?"

"ಕೀಲಿ ಬೇಕು."

ಅಕ್ಕ ಹಂಡೆಯನ್ನು ನೆಲಕ್ಕಿಟ್ಟು ನಕ್ಕ ನಗೆಗೆ ಬೀದಿಯ ಅರ್ಧ ಕಿಟಕಿಗಳು ತೆರೆದುಕೊಂಡವು. ಊರೆಂದ ಮೇಲೆ ಬುದ್ಧಿ ಹೇಳುವವರಿಗೆ ಬರವೇ? ಬೀಗದವನನ್ನು ಕರೆಸಿ ಅಂದರು. ಬೀಗದವನು ನಾದಿನಿಯ ಮದುವೆಗೆ ಹೋಗಿದ್ದ, ಅವನಂಗಡಿಗೂ ಬೀಗ ಬಿದ್ದಿತ್ತು. ಅಗ್ನಿಶಾಮಕದವರಿಗೆ ಫೋನು ಮಾಡಿ ಅಂದರು. ಬೆಂಕಿ ಬಿದ್ದಿದೆಯೇ ಅಂತ ಕೇಳಿದರು ಅವರು. ಇಲ್ಲ, ಬೆಂಕಿ ಹಚ್ಚಬೇಕಾಗಿದೆ ಅಂತ ಉಗ್ರಾಣಿ ಹೇಳಿದ್ದೇ ತಡ, ಫೋನಿಟ್ಟುಬಿಟ್ಟರು. ಪಕ್ಕದ ಕ್ಷೌರದಂಗಡಿಯವನು "ಇದೇನು ಮಹಾ" ಅನ್ನುತ್ತಾ ಕತ್ತಿ ತಂದು ಬೀಗದ ಕಣ್ಣಿಗೆ ತೂರಿಸಿ ತಿರುಗಿಸಿದ. ಕತ್ತಿಯ ತುದಿ ಪಟ್ ಎಂದು ಮುರಿದು ಒಳಗೇ ಉಳಿಯಿತು.

"ಈಗ ಕೀಲಿ ಸಿಕ್ಕಿದ್ರೂ ಉಪಯೋಗ ಇಲ್ಲ," ಅಂದ ಅವನು, ಒಂದು ದೊಡ್ಡ ಚಿಂತೆ ಕಳೆದವನ ಹಾಗೆ.

ಹೆಡ್ಮೇಷ್ಟ್ರು ಛತ್ರಿಯ ತುದಿಯಿಂದ ಮೇಲಿನ ಗವಾಕ್ಷಿ ತೋರಿಸಿದರು. ಸರಳಿಲ್ಲದ್ದು ಅದೊಂದೇ. ಇದ್ದವರಲ್ಲಿ ತೆಳ್ಳಗಿದ್ದವನು ಉಗ್ರಾಣಿಯೇ. ಹತ್ತಿಸಿದರು. ತಲೆ ಹೋಯಿತು, ಭುಜ ಹೋಯಿತು. ಹೊಸ ಜಾಕೆಟ್ಟು ಹೋಗಲಿಲ್ಲ.

ಒಳಗೆ ಕಂದು ಕೋಟು ರಾಶಿಯ ಮೇಲೆ ತಣ್ಣಗೆ ಕೂತಿತ್ತು. ಮಾರು ದೂರ. ಎಡ ಮೊಣಕೈಯ ತೇಪೆ ಸಮೇತ ಕಾಣುತ್ತಿತ್ತು. ಹೊರಗೆ ಅವನ ಕಾಲುಗಳ ಬಗ್ಗೆ ಚರ್ಚೆ ನಡೆದಿತ್ತು. ತಳ್ಳಬೇಕೆಂದು ಹೆಡ್ಮೇಷ್ಟ್ರು, ಎಳೆಯಬೇಕೆಂದು ಅಕ್ಕ. ಕೊನೆಗೆ ಮುದುಕರು ಸಾಲು ಬಿಟ್ಟು ಬಂದು ಒಂದು, ಎರಡು, ಮೂರು ಅಂತ ಎಣಿಸಿ ಒಂದೇ ಪಟ್ಟಿಗೆ ಎಳೆದರು. ಜಾಕೆಟ್ಟಿನ ತೋಳೊಂದು ಗವಾಕ್ಷಿಗೇ ಉಳಿಯಿತು.

ನಾಲ್ಕು ದಾಟಿತ್ತು. ಹಂಡೆಯ ಸೂಪಿನ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ಕೆಮ್ಮಿನವನು ಗೋಡೆಗೊರಗಿ ಕೂತುಬಿಟ್ಟಿದ್ದ.

ಒಂಟಿಗವಸು ಮುಂದೆ ಬಂದ. "ಸಾರ್, ನಾಲ್ಕಾಯ್ತು. ನಾನು ಒಂದು ಸಲ ನೋಡ್ಲಾ?"

ಸೂಪಿನ ಚಮಚೆಯನ್ನೂ ಛತ್ರಿಯ ಒಂದು ಕಡ್ಡಿಯನ್ನೂ ಕೇಳಿ ತೆಗೆದುಕೊಂಡ. ಕಿವಿಯನ್ನು ಬಾಗಿಲಿಗಿಟ್ಟ. ಗವಸಿಲ್ಲದ ಬೆರಳುಗಳು ನೀಲಿಗಟ್ಟಿದ್ದರೂ ನಡುಗಲಿಲ್ಲ. ಅರ್ಧ ನಿಮಿಷವಾಗಿತ್ತೋ ಇಲ್ಲವೋ, ಬಾಗಿಲು ತೆರೆಯಿತು.

"ಹತ್ತೊಂಬತ್ತು ವರ್ಷ ಮದ್ದುಗುಂಡಿನ ಉಗ್ರಾಣದ ಬೀಗ ರಿಪೇರಿ ಮಾಡ್ತಿದ್ದೆ," ಅಂದ.

"ಮಧ್ಯಾಹ್ನಾನೇ ಹೇಳಬಾರದಿತ್ತೇನಯ್ಯಾ?" ಅಂದ ಉಗ್ರಾಣಿ.

"ಯಾರೂ ಕೇಳಲಿಲ್ಲ ಸಾರ್. ನಾಲ್ಕಕ್ಕೆ ಅಂದ್ರಿ."

ಒಲೆ ಹೊತ್ತಿತು, ಸೂಪು ಕುದಿಯಿತು. ಹದಿಮೂರು ಮಂದಿ ಬಟ್ಟಲ ಮೇಲೆ ಮುಖವಿಟ್ಟು ಮೊದಲು ಆವಿಯನ್ನೇ ಕುಡಿದರು. ಒಂಟಿಗವಸು ಮಾತ್ರ ಬಾಗಿಲ ಬಳಿ ಕೂತು ಬೀಗ ಬಿಚ್ಚಿಕೊಂಡಿದ್ದ. ಕತ್ತಿಯ ತುದಿ ತೆಗೆದ, ಏನನ್ನೋ ಬಗ್ಗಿಸಿದ, ಏನನ್ನೋ ಉಜ್ಜಿದ. ಅವನ ಬಟ್ಟಲು ಪಕ್ಕದಲ್ಲೇ ಆರುತ್ತಿತ್ತು. ಅದನ್ನು ಕಂಡು ಉಗ್ರಾಣಿಗೆ ಕಣ್ಣು ಮಂಜಾಯಿತು. ಉಪಕಾರ ತೀರಿಸಬೇಕು ಅನಿಸಿತು. ಅವನಿಗೆ ಗೊತ್ತಿದ್ದುದು ಒಂದೇ ದಾರಿ. ಪುಸ್ತಕ ತೆರೆದು ಬರೆದ: "ಈ ದಿನದಿಂದ ಗೋದಾಮಿನ ಬೀಗದ ಕೆಲಸಕ್ಕೆ ಒಬ್ಬನನ್ನು ನೇಮಿಸಲಾಗಿದೆ." ಗಟ್ಟಿಯಾಗಿ ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಂಚ ಹಂಚುವಾಗ ಹೆಡ್ಮೇಷ್ಟ್ರು ಒಂಟಿಗವಸಿನತ್ತ ನೋಡಿ ಕನ್ನಡಕ ಏರಿಸಿದರು. "ಇವರಿಗೆ ಮಂಚ ಬರೋದಿಲ್ಲವಲ್ರೀ."

"ಯಾಕೆ?"

"ಏಳನೇ ನಿಯಮ. ಕೆಲಸದಲ್ಲಿ ಇರುವವರಿಗೆ ಹಾಸಿಗೆ ಇಲ್ಲ. ನೀವೇ ಬರೆದದ್ದು."

"ಹಾಗಾದ್ರೆ ನೇಮಕ ಹೊಡೆದುಹಾಕ್ತೀನಿ."

"ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಎಂಟನೇ ನಿಯಮ. ಅದೂ ನಿಮ್ಮದೇ. ನಾಳೆ ಸಮಿತಿ ಸಭೆ ಕರೆಯೋಣ, ಚರ್ಚಿಸೋಣ."

ಆ ಗಳಿಗೆಯಲ್ಲಿ ಉಗ್ರಾಣಿ ಪುಸ್ತಕವನ್ನು ಎತ್ತಿ ಒಲೆಗೆ ಹಾಕಬಹುದಿತ್ತು. ಆಮೇಲೆ ಎಷ್ಟೋ ಸಲ ಕನಸಿನಲ್ಲಿ ಹಾಕಿದ ಕೂಡ. ಅವತ್ತು ಮಾತ್ರ ಪೆನ್ನಿನ ತುದಿ ಕಚ್ಚುತ್ತಾ ನಿಂತ.

"ಆರ್ಡರ್ ಅಂದ್ಮೇಲೆ ಆರ್ಡರ್ರೇ," ಅಂದ ಒಂಟಿಗವಸು ಎದ್ದು ನಿಂತು. ಮುಖದಲ್ಲಿ ಬೇಸರವಿರಲಿಲ್ಲ. ಅಷ್ಟು ವರ್ಷದ ಮೇಲೆ ಯಾರೋ ಕೆಲಸ ಕೊಟ್ಟಿದ್ದಾರೆ ಅನ್ನುವ ಹೆಮ್ಮೆಯೇ ಇತ್ತು.

ಉಗ್ರಾಣಿ ರಾಶಿಯ ಮೇಲಿನ ಕಂದು ಕೋಟನ್ನು ಅವನ ಹೆಗಲಿಗೆ ಹೊದಿಸಿದ. ಚಳಿಗೆ ಅಂತ ಕೊಟ್ಟದ್ದಲ್ಲ. ಅವನ ಮುಖ ನೋಡುತ್ತಾ ನಿಲ್ಲುವುದು ತಪ್ಪಲಿ ಅಂತ ಕೊಟ್ಟದ್ದು. ಮುದುಕ ಸೆಲ್ಯೂಟ್ ಹೊಡೆದು ಹೊರಗೆ ಹೋದ.

ಮೇಷ್ಟ್ರೂ ಅಕ್ಕನೂ ಹೊರಟ ಮೇಲೆ ಉಗ್ರಾಣಿ ಒಳಗಿನವರಿಗೆ ವರ್ಷಕ್ಕೊಮ್ಮೆ ಕೊಡುವ ಭಾಷಣ ಕೊಟ್ಟ. "ಆರು ಗಂಟೆ ಆದ್ಮೇಲೆ ಬಾಗಿಲು ಯಾರಿಗೂ ತೆಗೀಬೇಡಿ. ಕಳ್ಳರು ದನಿ ಬದಲಾಯಿಸ್ತಾರೆ. ನಾನೇ ಬಂದು ಕೂಗಿದ್ರೂ ತೆಗೀಬೇಡಿ, ತಿಳೀತಾ? ನನ್ನ ಹತ್ರ ಕೀಲಿ ಇರತ್ತೆ."

"ಸರಿ ಸಾರ್!" ಅಂದವು ಹದಿಮೂರು ಗಂಟಲು.

ಹದಿನಾಲ್ಕನೇ ಮಂಚ ಒಲೆಯ ಪಕ್ಕದ್ದು. ಮಡಿಸಿದ ಕಂಬಳಿ ಮಡಿಕೆ ಮುರಿಯದೆ ಕೂತಿತ್ತು. ಅದನ್ನು ನೋಡಿಯೂ ನೋಡದವನಂತೆ ದಾಟಿ ಬಂದು ಉಗ್ರಾಣಿ ಬಾಗಿಲು ಎಳೆದ. ಕ್ಲಿಕ್.

ಮೆಟ್ಟಿಲ ಮೇಲೆ ಒಂಟಿಗವಸು ನೆಟ್ಟಗೆ ಕೂತಿದ್ದ. ಆಗಲೇ ಆರು ದಾಟಿ ಕತ್ತಲು ಇಳಿದಿತ್ತು, ಮೆಟ್ಟಿಲ ಕಲ್ಲು ಮಂಜುಗಟ್ಟಿ ಹೊಳೆಯುತ್ತಿತ್ತು.

"ಇಲ್ಲೇನು ಮಾಡ್ತಿದ್ದೀಯಾ?"

"ಡ್ಯೂಟಿ ಸಾರ್. ಬೀಗದ ಕೆಲಸ ಅಂದ್ರಲ್ಲ."

ಉಗ್ರಾಣಿಯ ಏಳನೇ ನಿಯಮ, ಎಂಟನೇ ನಿಯಮ, ಆರು ವರ್ಷದ ಮರ್ಯಾದೆ ಎಲ್ಲ ಒಟ್ಟಿಗೆ ಮುರಿದು ಬಿದ್ದವು. "ಏಳಯ್ಯಾ, ಏಳು! ನಿಯಮದ ಮನೆ ಹಾಳಾಗ. ಒಳಗೆ ಮಂಚ ಖಾಲಿ ಇದೆ, ಬಾ!" ಅಂದು ಜೇಬಿಗೆ ಕೈ ಹಾಕಿದ. ಜೇಬು ಇನ್ನೂ ಹೊಲಿಗೆ ಬಿಚ್ಚದ ಜೇಬೇ.

ಒಂದು ಕ್ಷಣ ಗಾಬರಿಯಾಯಿತು, ಆಮೇಲೆ ನಗು ಬಂತು. "ಸದ್ಯ! ಕೀಲಿ ನಿನ್ನ ಕೋಟಿನಲ್ಲೇ ಇದೆ. ಕೊಡು."

"ಇತ್ತು ಸಾರ್," ಅಂದ ಮುದುಕ. "ನೀವು ಭಾಷಣ ಮಾಡ್ತಿದ್ರಿ, ನಡುವೆ ಬರಬಾರದು ಅಂತ ಬಾಗಿಲ ಸಂದಿಯಿಂದ ಒಳಗೆ ತಳ್ಳಿದೆ. ಸಮಿತಿ ಸೊತ್ತು ನಾನು ಇಟ್ಕೊಳ್ಳೋದು ತಪ್ಪಲ್ವಾ? ಹೊರಗಿನವರ ಕೈಗೆ ಎಟಕಬಾರದು ಅಂತ ಬಲವಾಗೇ ತಳ್ಳಿದೀನಿ."

"ಹೋಗ್ಲಿ ಬಿಡು. ಆಗಿನ ಹಾಗೇ ಕಡ್ಡಿ ಹಾಕಿ ತೆಗಿ."

ಮುದುಕ ತಲೆ ತಗ್ಗಿಸಿದ. "ಆಗಲ್ಲ ಸಾರ್. ಬೀಗ ರಿಪೇರಿ ಮಾಡ್ಬಿಟ್ಟೆ. ಕೆಲಸ ಕೊಟ್ಟಿದೀರಿ, ಸರಿಯಾಗಿ ಮಾಡ್ಬೇಕಲ್ವಾ? ಇನ್ಮೇಲೆ ಅದನ್ನ ಕಡ್ಡಿ ಹಾಕಿ ತೆಗೆಯೋಕೆ ನನ್ನಿಂದಾನೂ ಆಗಲ್ಲ."

ಉಗ್ರಾಣಿ ಬಾಗಿಲಿಗೆ ಎರಡೂ ಮುಷ್ಟಿಯಿಂದ ಗುದ್ದಿದ. "ತೆಗೀರಪ್ಪಾ! ನಾನು, ಉಗ್ರಾಣಿ!"

ಒಳಗಿನಿಂದ ಕೆಮ್ಮಿನವನ ದನಿ ಬಂತು: "ಉಗ್ರಾಣಿಯವರು ಹೇಳೇ ಹೋಗಿದಾರೆ ಕಣೋ ಕಳ್ಳ! ಅವರೇ ಬಂದ್ರೂ ತೆಗೆಯಲ್ಲ!" ಹದಿಮೂರು ಜನ ನಕ್ಕರು. ಹೊಟ್ಟೆ ತುಂಬಿದವರ, ಮೈ ಬೆಚ್ಚಗಾದವರ ನಗು.

"ಬಾ, ನಮ್ಮನೆಗೆ ಹೋಗೋಣ," ಅಂದ ಉಗ್ರಾಣಿ.

"ನೀವು ಹೋಗಿ ಸಾರ್. ಡ್ಯೂಟಿ ಬಿಟ್ಟು ಬರೋ ಹಾಗಿಲ್ಲ."

ಎಷ್ಟು ಕರೆದರೂ ಏಳಲಿಲ್ಲ. ಬಿಟ್ಟು ಹೋಗಲು ಉಗ್ರಾಣಿಯ ಕಾಲೂ ಏಳಲಿಲ್ಲ. ಒಂದೇ ತೋಳಿನ ಜಾಕೆಟ್ಟಿನಲ್ಲಿ ನಡುಗುತ್ತಾ ಅವನ ಪಕ್ಕ ಕೂತ. ಮುದುಕ ಕಂದು ಕೋಟಿನ ಅರ್ಧವನ್ನು ಅವನ ಹೆಗಲಿಗೆ ಎಳೆದ. ತೇಪೆಯ ತೋಳು ಉಗ್ರಾಣಿಯ ಪಾಲಿಗೆ ಬಂತು.

ತೇಪೆ ಸವರುತ್ತಾ ಅವನು ಕೇಳಿದ, "ನಿನ್ನ ಹೆಸರೇನಯ್ಯಾ?"

"ಯಾಕೆ ಸಾರ್, ಪುಸ್ತಕಕ್ಕಾ?"

"ಇಲ್ಲ," ಅಂದ ಉಗ್ರಾಣಿ. "ಪುಸ್ತಕ ಒಳಗಿದೆ."