ಹೊತ್ತು ಮುಳುಗುವ ಮುನ್ನ ಕೇರಂ

ಮನೆಯೊಳಗಿನ ಆಟ ನಿರಪಾಯ ಎಂದು ಮೊದಲು ಹೇಳಿದ ಮಹಾನುಭಾವ ಎದುರಿಗೆ ಸಿಕ್ಕರೆ ನಾನು ಸುಮ್ಮನೆ ಬಿಡುವವನಲ್ಲ. ಬೀದಿಯಲ್ಲಿ ಆಡಿದರೆ ಮೊಣಕಾಲು ಒಡೆಯುತ್ತದೆ, ಅರಿಸಿನ ಹಚ್ಚಿದರೆ ಮುಗಿಯಿತು. ಒಳಗೆ ಆಡಿದರೆ ಸಂಬಂಧವೇ ಒಡೆಯುತ್ತದೆ, ಅದಕ್ಕೆ ಯಾವ ಅರಿಸಿನ ಹಚ್ಚುವುದು? ನಮ್ಮ ಇಚಲಕರಂಜಿಯ ಮನೆಗೆ ಕೊಲ್ಲಾಪುರದಿಂದ ಆ ಕೇರಂ ಬೋರ್ಡನ್ನು ಹೊತ್ತು ತಂದವನು ನನ್ನ ಹೆಂಡತಿಯ ತಮ್ಮ. ಹೊರಗೆ ಮಗ್ಗಗಳ ಖಟಖಟ, ಒಳಗೆ ಇವನ ಟಕಟಕ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಗಲೇ ನನ್ನ ತಂಗಿ ಪದ್ಮಾಳಿಗೆ ಗಡಹಿಂಗ್ಲಜದ ಸಂಬಂಧ ಬಂತು. ಹಿಂದೆ ಬಂದವೆಲ್ಲ ತಪ್ಪಿಹೋಗಿ, ಇದಾದರೂ ಕೂಡಲಿ ಎಂದು ಅವ್ವ ಹರಕೆ ಹೊತ್ತಿದ್ದಳು. ವರನ ತಂದೆ, "ಹುಡಿಗಿ ಕೈ ಅಡಿಗಿ ಉಂಡ ಮ್ಯಾಲ ಮಾತ ಕೊಡ್ತೇನ್ರಿ" ಎನ್ನುತ್ತಲೇ ಒಳಗೆ ಬಂದರು. ನಾವೂ ಅವರೂ ಜೈನರು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಪದ್ಮಾ ಮಧ್ಯಾಹ್ನದಿಂದ ಹೋಳಿಗೆಗೆ ಕೂತಿದ್ದಳು. ಬೀಗರಾಗಬೇಕಾದವರ ಕಣ್ಣು ಹಾಳು ಬೋರ್ಡಿನ ಮೇಲೆ ಬಿತ್ತು.

"ಒಂದ ಡಾವ ಆಡೂಣೇನ್ರಿ?"

ಇಲ್ಲವೆನ್ನಲು ಬರುತ್ತದೆಯೇ? ಕೂತೆ. ಸ್ವಲ್ಪ ಹೊತ್ತಿಗೆ ಹೆಂಡತಿ ಬಾಗಿಲಿಗೆ ಬಂದು, "ಹೊತ್ತ ಇಳದೈತ್ರಿ, ಊಟಕ್ಕ ತಾಟ ಹಚ್ಚಲ್ಯಾ?" ಎಂದಳು.

"ತಡಿ, ಇದೊಂದ ರಾಣಿ ಬೀಳಲಿ" ಎಂದೆ. ಮತ್ತೆ ಬಂದಳು, ಮತ್ತೆ ಅದನ್ನೇ ಹೇಳಿದೆ. ಕೊನೆಗೆ ರಾಣಿಗೆ ಗುರಿಯಿಟ್ಟು ಹೊಡೆದ ಸ್ಟ್ರೈಕರ್ ಚಿಮ್ಮಿ ಅಡುಗೆಮನೆಯೊಳಗೆ ಹಾರಿತು. ಇಬ್ಬರೂ ಅಂಬೆಗಾಲಿಟ್ಟು ಒಲೆಯ ಸುತ್ತ ಹುಡುಕಿದೆವು. ತಲೆಯೆತ್ತಿದರೆ ಸೂರ್ಯ ಮುಳುಗಿದ್ದ.

ಪದ್ಮಾ ಸೌಟು ಹಿಡಿದು ನಿಂತಿದ್ದಳು. ಸ್ಟ್ರೈಕರ್ ಕಟ್ಟಿನ ಸಾರಿನಲ್ಲಿ ಸಿಕ್ಕಿತ್ತು. "ತಗೋ ಅಣ್ಣಾ, ಇದನ್ನ ಉಣ್ಣು" ಎಂದು ನನ್ನ ಮುಂದೆ ಸುರಿದಳು. ಆಮೇಲೆ ಅವರ ಕಡೆ ತಿರುಗಿ, "ನಿಮಗ ಊಟಕ್ಕಿಂತ ಆಟ ಹೆಚ್ಚಂದ್ರ ಮೊದಲ ಹೇಳಬೇಕಿತ್ತಲ್ರಿ? ಒಲಿ ಮುಂದ ಯಾಕ ಬೇಯತಿದ್ದೆ?" ಎಂದು ಬಿಸಿ ಮುಟ್ಟಿಸಿದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಇದೂ ಹೋಯಿತು ಎಂದುಕೊಂಡೆ. ಆ ಬೋರ್ಡನ್ನು ಒಲೆಗೆ ಹಾಕುವಷ್ಟು ಸಿಟ್ಟು ಬಂತು.

ಹಿರಿಯರು ಮೊಣಕಾಲಿನ ಧೂಳು ಕೊಡವಿದರು. "ನನ್ನ ಆಟ ಬಿಡಸೂ ಧೈರ್ಯ ನಮ್ಮ ಮನ್ಯಾಗ ಯಾರಿಗೂ ಇಲ್ರಿ. ಈ ಹುಡಿಗಿನ್ನ ಕೊಡ್ರಿ. ಹೋಳಗಿ ಮುಂಜಾನಿ ಉಣ್ತೇನಿ" ಎಂದರು.

ಮದುವೆಯಲ್ಲಿ ಬೋರ್ಡೂ ಪದ್ಮಾಳ ಹಿಂದೆ ಹೋಯಿತು. ಪೀಡೆ ತೊಲಗಿತು ಎಂದು ಕೈ ಮುಗಿದೆ. ಆದರೆ ಈಗ ಗಡಹಿಂಗ್ಲಜಕ್ಕೆ ಹೋದಾಗಲೆಲ್ಲ ಅವಳು ಬಿಸಿಲಿರುವಾಗಲೇ ಬೋರ್ಡು ಅಟ್ಟಕ್ಕೇರಿಸಿ ತಾಟು ಹಚ್ಚುತ್ತಾಳೆ. ಗೆಲ್ಲುವ ಆಟ ಕೆಡಿಸಿದಳಲ್ಲ ಎಂದು ಬೀಗರೂ ನಾನೂ ಮುಖ ಗಂಟಿಕ್ಕಿಕೊಂಡು ಹೋಳಿಗೆ ನುಂಗುತ್ತೇವೆ.