ಬೀಗರು ಆಡಿಸಿದ ಇಟಲಿ ನಾಟಕ

ನಡೆದದ್ದು ಇಷ್ಟೇ: ನಮ್ಮ ಬೀಗರು ನನ್ನಿಂದ ಬೈಸಿಕೊಂಡರು, ಅದೂ ತಾವೇ ಕೇಳಿಕೊಂಡು. ಮಿಕ್ಕವರು ಕಲೆ, ಇಟಲಿ ಎಂದೆಲ್ಲ ಹೇಳುತ್ತಾರೆ. ಹೇಳಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು.

ಬೀಗರೆಂದರೆ ಅಳಿಯನ ತಂದೆ. ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಎರಡು ತಿಂಗಳಿಗೆಂದು ಮಲೇಶಿಯಾದ ಪೆನಾಂಗಿನಲ್ಲಿರುವ ಮಗಳು-ಅಳಿಯನ ಮನೆಗೆ ಬಂದ ನಾವಿಬ್ಬರೂ ಕೊರೋನಾದಿಂದ ವಿಮಾನ ನಿಂತು, ಬಯಾನ್ ಲೆಪಾಸ್ ಬಡಾವಣೆಯ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಸಿಕ್ಕಿಕೊಂಡೆವು. ಹೆಣ್ಣು ಕೊಟ್ಟವಳು ಗಂಡಿನ ತಂದೆಯ ಎದುರು ಹೇಗಿರಬೇಕೆಂದು ನಿಮಗೆ ಗೊತ್ತಲ್ಲ? ಅವರು ಬಂದರೆ ಏಳಬೇಕು, ಕಾಫಿ ಚೆನ್ನಾಗಿಲ್ಲವೆಂದರೆ ಹೌದೆನ್ನಬೇಕು. ಎರಡು ದಿನಕ್ಕಾದರೆ ಸರಿ. ತಿಂಗಳುಗಟ್ಟಲೆ ಯಾರ ಮಂಡಿ ತಡೆದೀತು!

ಮನೆಯ ನಿಜವಾದ ತೊಂದರೆ ಬೇರೆ. ಎಂಟು ವರ್ಷದ ಮೊಮ್ಮಗಳು ಮಾತು ನಿಲ್ಲಿಸಿದ್ದಳು. ಮೊದಲು ನಾವು ಕನ್ನಡದಲ್ಲಿ ಕೇಳಿದರೆ ಆ ಊರಿನವರ ಹಾಗೆ ಕೊನೆಗೊಂದು 'ಲಾ' ಸೇರಿಸಿದ ಇಂಗ್ಲಿಷಿನಲ್ಲಾದರೂ ಉತ್ತರ ಬರುತ್ತಿತ್ತು. ಆನ್‌ಲೈನ್ ಕ್ಲಾಸು ಶುರುವಾಗಿ ಆರು ತಿಂಗಳಾಗುವಷ್ಟರಲ್ಲಿ ಬರೀ ತಲೆಯಾಡಿಸುವುದು. ಟೀಚರ್ ಹೆಸರು ಕರೆದರೆ ಕ್ಯಾಮೆರಾ ಬಂದ್. ಮಗಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಇದಕ್ಕೆ ಬೀಗರು ಕಂಡುಹಿಡಿದ ಔಷಧಿ ನಾಟಕ! ನಾನೂರು ವರ್ಷದ ಹಿಂದೆ ಇಟಲಿಯ ಬೀದಿಗಳಲ್ಲಿ ಮುಖವಾಡ ಹಾಕಿ ಆಡುತ್ತಿದ್ದರಂತೆ. ಜಿಪುಣ ಯಜಮಾನ, ಏನೂ ತಿಳಿಯದ ಮಹಾಪಂಡಿತ ಡಾಕ್ಟರು, ಸದಾ ಹಸಿದ ಆಳು. ಯಾವ ಕಥೆಯಾದರೂ ಇವರೇ. ಮಾತು ಬರೆದಿರುವುದಿಲ್ಲ, ಬಾಯಿಗೆ ಬಂದದ್ದು ಆಡಬೇಕು. ಮುಖವಾಡ ಮೂಗಿನವರೆಗೆ ಮಾತ್ರ. ಊರೆಲ್ಲ ಬಾಯಿ ಮುಚ್ಚಿಕೊಂಡು ಓಡಾಡುವಾಗ, ಬಾಯೊಂದನ್ನು ಬಿಟ್ಟು ಮಿಕ್ಕದ್ದನ್ನು ಮುಚ್ಚುವ ಮುಖವಾಡ!

ಕಾಗದದ ಮುಖವಾಡಕ್ಕೆ ಅಚ್ಚು ತೆಗೆಯಲು ಮುಖ ಬೇಕಿತ್ತು. "ಬೀಗಿತ್ತಿಯವರೇ, ನಿಮ್ಮ ಮುಖ ಸ್ವಲ್ಪ ಬೇಕಾಗಿತ್ತು," ಎಂದರು, ಸಕ್ಕರೆ ಕೇಳುವವರ ಹಾಗೆ. ಮಗಳನ್ನು ಕೊಟ್ಟಾಗಿದೆ, ಮುಖವನ್ನೂ ಕೊಡಬೇಕೇ ಎಂಬ ಮಾತನ್ನು ನುಂಗಿಕೊಂಡು, ಒಲೆಯ ಮೇಲೆ ಹಾಲಿದೆಯೆಂದು ಎದ್ದು ಹೋದೆ. ಕೊನೆಗೆ ನನ್ನ ಒಗ್ಗರಣೆ ಬಾಣಲೆಯ ತಳಕ್ಕೇ ಕಾಗದ ಅಂಟಿಸಿದರು. ಆಳಿನ ಮುಖವಾಡ ಅಷ್ಟು ದುಂಡಗಿದ್ದುದು ಅದಕ್ಕೇ. ಹಾಕಿಕೊಂಡರೆ ಇಂಗಿನ ವಾಸನೆ.

ಭಾನುವಾರ ನಡುಮನೆಯಲ್ಲಿ ನಾಟಕ. ಬೀಗರು ಯಜಮಾನ, ನಾನು ಆಳು. ಮೊಮ್ಮಗಳಿಗೆ ಡಾಕ್ಟರ ಮುಖವಾಡ ಕಟ್ಟಿ, ಸುಮ್ಮನೆ ಕೂತಿದ್ದರೂ ಸಾಕೆಂದರು. ಆಳು ಯಜಮಾನನನ್ನು ಬೈಯಬೇಕು, ಅದೇ ಆಟವಂತೆ. ನಾನು ಕಂಬದ ಹಾಗೆ ನಿಂತೆ.

"ಬೈರಿ ಬೀಗಿತ್ತಿಯವರೇ, ಸಂಕೋಚ ಬೇಡ."

ಬೈದೆ.

"ಮದುವೇಲಿ ಚಿರೋಟಿಗೆ ಹಾಲು ಸಾಲ್ದು ಅಂತ ಎಲೆ ಬಿಟ್ಟು ಎದ್ದೋದೋರು ಯಾರು? ನಮ್ಮನೆಯೋರು ಅಷ್ಟು ಜನರ ಮುಂದೆ ನಿಮ್ಮ ಕೈ ಹಿಡ್ಕೊಂಡು ನಿಂತಿದ್ರಲ್ಲ, ಅವರು ಸಾಯೋವರೆಗೂ ಅದನ್ನ ಮರೀಲಿಲ್ಲ."

ಮಗಳು ಬಿಳುಚಿಕೊಂಡಳು. ಅಳಿಯ ಫೋನು ನೋಡತೊಡಗಿದ. ಬೀಗರ ಮುಖವಾಡದ ಉದ್ದ ಮೂಗಿನ ಕೆಳಗೆ ಬಾಯಿ ತೆರೆದೇ ಇತ್ತು.

ಆಗ ಮೂಲೆಯಿಂದ ಸಣ್ಣ ದನಿ.

"ಸೈಲೆನ್ಸ್. ನಾನು ಡಾಕ್ಟರ್. ತಾತಂಗೆ ಆವಾಗ ಕೋಪ, ಅಜ್ಜಿಗೆ ಈಗ ಕೋಪ. ಸೇಮ್ ಸಿಕ್‌ನೆಸ್ ಲಾ. ಇಬ್ರೂ ಒಂದೇ ಸೋಫಾದಲ್ಲಿ ಹದಿನಾಲ್ಕು ದಿನ ಕ್ವಾರಂಟೈನ್."

ಯಾರೂ ನಗಲಿಲ್ಲ. ಅಷ್ಟು ತಿಂಗಳ ಮೇಲೆ ಬಂದ ಮಾತು. ನಕ್ಕರೆ ವಾಪಸು ಓಡಿಹೋದೀತೆಂಬ ಭಯ. ನಾವಿಬ್ಬರೂ ತೆಪ್ಪಗೆ ಸೋಫಾದಲ್ಲಿ ಕೂತೆವು. ಬೀಗರು ತಗ್ಗಿದ ದನಿಯಲ್ಲಿ ತಪ್ಪಾಯಿತು ಎಂದರು. ಅದು ನಾಟಕದ ಮಾತಲ್ಲ.

ಮರುದಿನ ಬೆಳಿಗ್ಗೆ ಅವಳು ಮುಖವಾಡ ಹಾಕಿಕೊಂಡೇ ಕ್ಯಾಮೆರಾದ ಮುಂದೆ ಕೂತಳು. ಟೀಚರ್ ಪಾಠ ಓದಲು ಹೇಳಿದರು. ನಾನು ಚಟ್ನಿಗೆಂದು ತುಂಬಿದ್ದ ಮಿಕ್ಸಿಯ ಪ್ಲಗ್ಗು ಕಿತ್ತೆ, ಕುಕ್ಕರಿನ ಉರಿ ಆರಿಸಿದೆ, ಬಾಗಿಲಲ್ಲಿ ನಿಂತೆ. ಅವಳು ಓದುತ್ತಿದ್ದುದು ಇಂಗ್ಲಿಷು, ಒಂದಕ್ಷರ ಅರ್ಥವಾಗಲಿಲ್ಲ. ಮುಗಿಯುವವರೆಗೂ ನಿಂತಿದ್ದೆ.