ಮಿಲಿಮೀಟರ್ ಮಹಾಶಯರ ಗುಂಡುಪೆಟ್ಟಿಗೆ

ಬೀದಿಯವರೆಲ್ಲ ಅವರನ್ನು ಮಿಲಿಮೀಟರ್ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ ಮಾಡಿ, ಬ್ರೆಡ್ಡಿಗೆ ಬೆಣ್ಣೆ ಸವರುವಾಗಲೂ ಅಳತೆ ನೋಡುವ ಚಾಳಿ ಅವರಿಗೆ ಅಂಟಿತ್ತು. ಮಗಳು ಏರ್ ರೈಫಲ್ ಸ್ಪರ್ಧೆಗೆ ಆಯ್ಕೆಯಾದ ವಾರವೇ ಅವಳ ಶೂಟಿಂಗ್ ಕ್ಲಬ್ಬಿನ ಚಾವಣಿ ಕುಸಿದು ಬಾಗಿಲಿಗೆ ಬೀಗ ಬಿತ್ತು. ಸ್ಪರ್ಧೆಗೆ ಉಳಿದದ್ದು ಮೂರೇ ವಾರ. ಮಗಳ ಮುಖ ಬಾಡಿದ್ದನ್ನು ಕಂಡು ಅಪ್ಪ ಎದೆಯುಬ್ಬಿಸಿದರು.

"ಅಭ್ಯಾಸ ಮನೇಲೇ ನಡೀಲಿ. ಗುಂಡು ಹಿಡಿಯೋ ಪೆಟ್ಟಿಗೆ ನಾನು ಮಾಡ್ತೀನಿ. ಅದೇನು ಬ್ರಹ್ಮವಿದ್ಯೆನಾ?"

ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಕೇಳಿದಳು, "ಪಕ್ಕದ ಮನೆ ಬಡಗಿಗೆ ಹೇಳಬಾರದಾ?"

"ಇದಕ್ಕೆ ಬಡಗಿ ಬೇಕಾ? ಗುಂಡಿಗೆ ಬೇಕು, ಅಷ್ಟೇ."

"ಸರಿ. ಆದ್ರೆ ನನ್ನ ಮನೇಲಿ ಎಲ್ಲಾದ್ರೂ ಒಂದು ತೂತು ಬಿತ್ತೋ, ರೈಫಲ್ ಬೀರು ಸೇರುತ್ತೆ. ಸ್ಪರ್ಧೆ ಇರ್ಲಿ, ಬಿಡ್ಲಿ."

ಮನೆಯ ಮುಂಭಾಗದಲ್ಲೇ ಇದ್ದ ಅವರ ಗಡಿಯಾರದಂಗಡಿಯ ಹಿಂಬಾಗಿಲಿನಿಂದ ಅಡುಗೆಮನೆಯ ಪಕ್ಕದ ಗೋಡೆಯವರೆಗೆ ಸ್ಪರ್ಧೆಯಲ್ಲಿರುವಷ್ಟೇ ದೂರ, ಸರಿಯಾಗಿ ಹತ್ತು ಮೀಟರ್ ಇತ್ತು. ಮೊದಲ ಪೆಟ್ಟಿಗೆಯನ್ನು ತೆಳು ಪ್ಲೈವುಡ್ಡಿನಲ್ಲಿ ಮಾಡಿ, ಹಳೇ ದಿಂಬಿನ ಹತ್ತಿ ತುರುಕಿದರು. ಮಗಳು ಒಂದು ಗುಂಡು ಹೊಡೆದಳು. ಅದು ಹತ್ತಿಗೆ ನಮಸ್ಕಾರ ಹೇಳಿ, ಪ್ಲೈವುಡ್ ದಾಟಿ, ಹಿಂದಿದ್ದ ಅವರ ಬೂಟಿನೊಳಗೆ ಹೋಗಿ ಕೂತಿತು. ಗೋಡೆ ಉಳಿಯಿತು. ಬೂಟು ಯಾರ ಕಣ್ಣಿಗೂ ಬೀಳದಂತೆ ಮಂಚದಡಿ ಸೇರಿತು.

ಎರಡನೆಯ ಪೆಟ್ಟಿಗೆಗೆ ಕಬ್ಬಿಣದ ತಗಡನ್ನು ನೆಟ್ಟಗೆ ನಿಲ್ಲಿಸಿದರು. ಠಣ್ ಎಂದಿತು. ಗುಂಡು ಗಂಡನ ಜೊತೆ ಜಗಳವಾಡಿ ತವರಿಗೆ ಹೊರಟವಳ ಹಾಗೆ ವಾಪಸು ಹಾರಿ, ಮೂಲೆಯಲ್ಲಿದ್ದ ಅವರ ಚಹಾ ಲೋಟವನ್ನು ಉರುಳಿಸಿತು. ಎಲ್ಲರಿಗೂ ದಪ್ಪ ಕನ್ನಡಕ ಹಾಕಿಸಿದ್ದರಿಂದ ಹೋದದ್ದು ಚಹಾ ಮಾತ್ರ.

ಬೇರೆಯವರಾಗಿದ್ದರೆ ಕೈ ಚೆಲ್ಲುತ್ತಿದ್ದರು. ಮಿಲಿಮೀಟರ್ ಸೀದಾ ಕಬ್ಬಿಣದಂಗಡಿಗೆ ಹೋಗಿ ನಿಂತರು.

"ಮನೇಲಿ ಇನ್ಮೇಲೆ ದಿನಾ ಗುಂಡು. ಗಟ್ಟಿ ವ್ಯವಸ್ಥೆ ಆಗ್ಬೇಕು," ಎಂದರು.

ಮಾತು ಕಾಲಿಲ್ಲದೆ ಊರು ಸುತ್ತಿತು. ಸಂಜೆ ಹೆಂಡತಿಯ ತಮ್ಮ ಹುರಿದ ಕಡಲೆಕಾಯಿ, ಎರಡು ಸೋಡಾ ಬಾಟಲಿ ಹಿಡಿದು ಹಾಜರಾದ.

"ಭಾವ, ದಿನಾ ಗುಂಡು ಅಂತ ಕೇಳ್ದೆ. ನನ್ನ ಬಿಟ್ಟು ಶುರು ಮಾಡಿಲ್ಲ ತಾನೇ?"

"ಸರಿಯಾದ ಹೊತ್ತಿಗೆ ಬಂದೆ. ಆ ಮರಳು ಚೀಲ ಎತ್ತು."

ಪಾಪ, ಅವನು ಎರಡು ಚೀಲ ಮರಳು ಹೊತ್ತು, ತನ್ನ ಸೋಡಾ ತಾನೇ ಕುಡಿದು ಮನೆಗೆ ಹೋದ.

ಈ ಸಲ ದಪ್ಪ ತಗಡನ್ನು ಓರೆಯಾಗಿ ಕೂರಿಸಿ, ಅದರ ಕೆಳಗೆ ಮರಳು ಹಾಸಿದ್ದರು. ತಾಗಿದ ಗುಂಡು ಕೆಳಮುಖವಾಗಿ ಜಾರಿ ಮರಳಲ್ಲಿ ಹೂತುಹೋಗಬೇಕು. ಹಾಗೇ ಆಯಿತು. ಮಗಳು ನಲವತ್ತು ಗುಂಡು ಹೊಡೆದಳು. ಅಪ್ಪ ಮರಳು ಜರಡಿ ಹಿಡಿದು ನಲವತ್ತನ್ನೂ ಹೆಕ್ಕಿದರು. ಅವಳ ಮುಖದಲ್ಲಿ ನಗು ಕಂಡು ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಕೊಡಿಲ್ಲಿ, ನಾನೂ ಒಂದು ಹೊಡೀತೀನಿ."

"ಉಸಿರು ಬಿಗಿ ಹಿಡಿ ಅಪ್ಪಾ. ಮೆತ್ತಗೆ ಒತ್ತು."

"ಸೆಕೆಂಡ್ ಮುಳ್ಳು ಕೂರಿಸೋ ಕೈ ಕಣೇ ಇದು."

ಒತ್ತಿದರು. ಪೆಟ್ಟಿಗೆ ತುಟಿಪಿಟಕ್ ಎನ್ನಲಿಲ್ಲ. ಅದಕ್ಕಿಂತ ಎರಡು ಮಾರು ಆಚೆಗಿದ್ದ ಫ್ರಿಜ್ ಮಾತ್ರ ಟಪ್ ಎಂದಿತು.

ಹೆಂಡತಿ ಅಡುಗೆಮನೆಯಿಂದ ಬಂದು ಫ್ರಿಜ್ಜಿನ ಬಾಗಿಲು ನೋಡಿದಳು, ರೈಫಲ್ ನೋಡಿದಳು. ಮಿಲಿಮೀಟರ್ ಒಂದು ಹೆಜ್ಜೆ ಮುಂದೆ ಬಂದರು.

"ಅವಳದ್ದಲ್ಲ, ನಂದು. ಬೀರುಗೆ ಹಾಕೋದಿದ್ರೆ ನನ್ನೇ ಹಾಕು. ಅವಳ ಅಭ್ಯಾಸ ನಿಲ್ಲಿಸಬೇಡ."

ಹೆಂಡತಿ ಬಾಗಿಲಿನ ತಗ್ಗಿನ ಮೇಲೆ ಬೆರಳಾಡಿಸಿದಳು. ಆಮೇಲೆ ಪೆಟ್ಟಿಗೆಯ ಮುಂದೆ ಬಗ್ಗಿ, ಓರೆ ತಗಡನ್ನು, ಮರಳನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಗಂಡನ ಕೈಯಿಂದ ರೈಫಲ್ ತೆಗೆದು ಮಗಳ ಕೈಗಿಟ್ಟಳು.

"ಪೆಟ್ಟಿಗೆ ಚೆನ್ನಾಗಿ ಮಾಡಿದ್ದೀರಿ. ಅವಳಿಗೆ ಒಂದು ಸಾಕು. ನೀವು ಹೊಡೆಯೋದಾದ್ರೆ ಮಾತ್ರ ಇನ್ನೂ ಎರಡು ಮಾಡಿ. ಒಂದು ಫ್ರಿಜ್‌ಗೆ, ಒಂದು ನನಗೆ."